ವಾಡಿಕೆ ತಪ್ಪಿದ್ದು

ಜುಲೈ 19, 2023, ಬುಧವಾರ. ಮೊಳಕಾಲ್ಮುರು

ನಿನ್ನೆಯಿಂದ ಅಧಿಕ ಶ್ರಾವಣ. ಇವಳು ಬೆಳಿಗ್ಗೆಯೇ ಕ್ಯಾಲೆಂಡರಿನ ಮುಂದೆ ನಿಂತು ಅಳಿಯನಿಗೆ ಕೊಡುವ ಬಾಗಿನದ ಲೆಕ್ಕ ಹಾಕುತ್ತಿದ್ದಳು. ಎಲ್ಲವೂ 33 ಆಗಬೇಕು. ಈಗಿನ ರೇಟಿನಲ್ಲಿ 33 ಏನನ್ನು ಕೊಡುವುದು ಎಂದು ಕೇಳಿದೆ. ಉತ್ತರ ಬರಲಿಲ್ಲ.

ಹನ್ನೊಂದು ಗಂಟೆಗೆ ಅಣ್ಣನ ಮಗಳು ಬೆಂಗಳೂರಿನಿಂದ ಫೋನು ಮಾಡಿದಳು. ‘ಚಿಕ್ಕಪ್ಪಾ, ಅನಾಮಲಿ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಾ?’ ಹೈಸ್ಕೂಲು ಮಕ್ಕಳಿಗಾಗಿ ಸಮುದ್ರ, ಮುಂಗಾರು, ಎಲ್ ನಿನೊ ಇವುಗಳ ಮೇಲಿನ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದಾಳೆ. ಪೆಸಿಫಿಕ್ ಸಾಗರದ ಮೇಲ್ಮೈ ನೀರು ಇರಬೇಕಾದ್ದಕ್ಕಿಂತ ಅರ್ಧ ಡಿಗ್ರಿ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಎಲ್ ನಿನೊ ಅನ್ನುತ್ತಾರಂತೆ. ಆ ಅರ್ಧ ಡಿಗ್ರಿಗೆ ಒಂದು ಹೆಸರು ಬೇಕು. ಅವಳ ಕೈಗೆ ಕೊಟ್ಟಿರುವ ಪದಪಟ್ಟಿಯಲ್ಲಿ ‘ಅಸಂಗತತೆ’ ಎಂದಿದೆ. ‘ಸಮುದ್ರದ ಅಸಂಗತತೆ ಅಂತ ಬರೆದ್ರೆ ಯಾವ ಮಗೂಗೆ ಅರ್ಥ ಆಗುತ್ತೆ ಹೇಳಿ?’

ನನಗೂ ನಗು ಬಂತು. ನಾವು ಎಂ.ಎ. ಓದುವಾಗ ಅಸಂಗತ ಎಂದರೆ ನಾಟಕ. ರಂಗದ ಮೇಲೆ ಇಬ್ಬರು ಕೂತು ಒಂದಕ್ಕೊಂದು ಸಂಬಂಧವಿಲ್ಲದೆ ಮಾತಾಡುವುದು, ನಾವು ಕೆಳಗೆ ಕೂತು ಅರ್ಥವಾದವರ ಹಾಗೆ ತಲೆಯಾಡಿಸುವುದು. ಸಮುದ್ರಕ್ಕೆ ಆ ಗತಿ ಬೇಡ. ‘ಸ್ವಲ್ಪ ದಿನ ಟೈಮು ಕೊಡವ್ವಾ’ ಅಂದೆ.

ಫೋನಿಟ್ಟ ಮೇಲೆ ಹೊಳೆಯಿತು. ಅಧಿಕ ಮಾಸವೇ ಅಂಥದಲ್ಲವೇ? ಚಂದ್ರನ ವರ್ಷ 354 ದಿನ, ಸೂರ್ಯನದು 365. ಪ್ರತಿವರ್ಷ ಹನ್ನೊಂದು ದಿನದ ಬಾಕಿ. ಎರಡೂವರೆ ವರ್ಷ ದಾಟುವಷ್ಟರಲ್ಲಿ ಒಂದು ತಿಂಗಳಷ್ಟಾಗುತ್ತದೆ, ಆಗ ಲೆಕ್ಕ ಚುಕ್ತಾ ಮಾಡಲು ಹೆಚ್ಚಿನ ತಿಂಗಳು. ಹನ್ನೆರಡರ ಸಾಲಿಗೆ ಸೇರದ ಈ ಹದಿಮೂರನೆಯದಕ್ಕೆ ಜನ ಎರಡು ಹೆಸರಿಟ್ಟಿದ್ದಾರೆ. ಒಂದು ಮಲಮಾಸ, ಇನ್ನೊಂದು ಪುರುಷೋತ್ತಮ ಮಾಸ. ಕೊಳೆ ಎಂದವರೂ ನಾವೇ, ದೇವರ ಹೆಸರಿಟ್ಟು ಬಾಗಿನ ಕೊಟ್ಟವರೂ ನಾವೇ.

ಆಕಾಶದಲ್ಲಿ ಮೋಡ ಇದೆ. ಇದೆ ಅಷ್ಟೆ.

ಜುಲೈ 23, ಭಾನುವಾರ

ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಪದಗಳನ್ನು ಬರೆಯುತ್ತ ಕೂತೆ.

ಮೊದಲು ಬರೆದದ್ದು ಅಪವಾದ. ವ್ಯಾಕರಣದಲ್ಲಿ ಇದು ಶುದ್ಧ ಶಬ್ದ. ಎಲ್ಲ ಕಡೆ ಸಲ್ಲುವುದು ಉತ್ಸರ್ಗ, ಅದನ್ನು ಒಂದು ಕಡೆ ತಡೆಯುವುದು ಅಪವಾದ. ಆದರೆ ಊರಿನೊಳಗೆ ಬಂದ ಕೂಡಲೇ ಅದರ ಬಣ್ಣ ಬೇರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗನೊಬ್ಬನ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ‘ಅಪವಾದ ಬರೆದಿಲ್ಲ’ ಎಂದು ಗೀಚಿದ್ದೆ. ಮಾರನೆಯ ದಿನ ಅವನ ತಾಯಿ ಸೆರಗು ಬಿಗಿದುಕೊಂಡು ಶಾಲೆಗೆ ಬಂದಳು. ‘ನನ್ ಮಗನ ಮ್ಯಾಲೆ ಏನಪವಾದ ಬಂದೈತೆ ಸಾ? ಯಾರ್ ಹೊರಿಸಿದ್ದು?’ ಸಂಧಿ, ಸಮಾಸ ಎಂದು ನಾನು ವಿವರಿಸುತ್ತಿದ್ದಷ್ಟು ಹೊತ್ತೂ ಆಕೆಗೆ ನನ್ನ ಮೇಲೆಯೇ ಅನುಮಾನ. ಈಗ ಯೋಚಿಸಿದರೆ ಆಕೆ ಹೇಳಿದ್ದು ಸರಿ. ಸಾಲು ಬಿಟ್ಟವನನ್ನು ಕನ್ನಡ ಸುಮ್ಮನೆ ಬಿಡುವುದಿಲ್ಲ, ಒಂದು ಆರೋಪ ಹೊರಿಸಿಯೇ ಕಳಿಸುತ್ತದೆ.

ಆಮೇಲೆ ‘ವಿ’ಯಿಂದ ಶುರುವಾಗುವ ದೊಡ್ಡ ಸಂಸಾರ. ವಿಕಾರ, ವಿಚಿತ್ರ, ವಿಲಕ್ಷಣ, ವಿಷಮ, ವಿಪರೀತ. ವಿಪರೀತ ಎಂದರೆ ತಿರುವುಮುರುವು ಎಂದು ನಿಘಂಟು ಹೇಳುತ್ತದೆ. ನಮ್ಮ ಬಾಯಲ್ಲಿ ಅದು ‘ಬಹಳ’ ಆಗಿದೆ: ವಿಪರೀತ ಬಿಸಿಲು, ವಿಪರೀತ ತಲೆನೋವು, ವಿಪರೀತ ರುಚಿ. ಪತ್ರಿಕೆಯವರು ‘ಹವಾಮಾನ ವೈಪರೀತ್ಯ’ ಎಂದು ಬರೆದಾಗ ಅರ್ಧ ಜನಕ್ಕೆ ಕಾಣುವುದು ಬರೀ ಜಾಸ್ತಿ ಮಳೆ, ಜಾಸ್ತಿ ಸೆಕೆ. ಇದೇ ಮನೆತನದ ವಿಶೇಷ ಮಾತ್ರ ಉದ್ಧಾರವಾದದ್ದು. ‘ಏನು ವಿಶೇಷ?’ ಎಂದು ಕೇಳಿದರೆ ಒಳ್ಳೆಯದೇ ನಡೆದಿರಲಿ ಎಂಬ ಹಾರೈಕೆ ಅದರಲ್ಲೇ ಇದೆ. ಸೊಸೆಗೆ ‘ವಿಶೇಷ’ ಎಂದರೆ ಮನೆಯವರು ಕೇರಿಗೆಲ್ಲ ಸಕ್ಕರೆ ಹಂಚುತ್ತಾರೆ.

ಆ ಪ್ರಶ್ನೆಗೆ ನಾವು ಕೊಡುವ ಉತ್ತರ, ‘ಏನಿಲ್ಲ, ಎಲ್ಲಾ ಮಾಮೂಲು.’ ಮಾಮೂಲು ಎಂದರೆ ಎಂದಿನಂತೆ ನಡೆಯುವುದು. ಮಾಮೂಲು ಎಂದರೆ ಮೇಜಿನ ಕೆಳಗೆ ಕೊಡುವುದೂ ಹೌದು. ನಿವೃತ್ತಿಯ ಕಾಗದಪತ್ರ ಹಿಡಿದು ನಾನು ಒಂದು ಕಚೇರಿಗೆ ಎಂಟು ತಿಂಗಳು ಅಲೆದೆ. ಕೊನೆಗೆ ಗುಮಾಸ್ತರೊಬ್ಬರು ಬೇಸರದಿಂದ ‘ಮೇಷ್ಟ್ರೇ, ಎಲ್ಲರೂ ಮಾಮೂಲಿನಂತೆ ಮಾಡ್ತಾರೆ, ನಿಮ್ಮದೊಂದೇ ವಿಚಿತ್ರ’ ಎಂದರು. ಆ ಒಂದು ವಾಕ್ಯದಲ್ಲಿ ಎರಡೂ ಪದಗಳು ತಮ್ಮ ಜಾಗ ಬದಲಿಸಿಕೊಂಡಿದ್ದವು.

ಜುಲೈ 30, ಭಾನುವಾರ

ಬಹಳ ದಿನಗಳ ಮೇಲೆ ಬ್ರಹ್ಮಗಿರಿಗೆ ಹೋಗಿ ಬಂದೆ. ಪಕ್ಕದ ಮನೆಯ ಹುಡುಗ ಬೈಕಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಬಿತ್ತಿದ ಹೊಲ ಕಡಿಮೆ, ಹರಗಿ ಬಿಟ್ಟದ್ದು ಹೆಚ್ಚು. ಕೂರಿಗೆ ಕೆಲವರ ಮನೆಯಿಂದ ಇನ್ನೂ ಹೊರಗೇ ಬಂದಿಲ್ಲ.

ಸಿದ್ದಾಪುರ ದಾಟಿ ಬೆಟ್ಟದ ಬುಡಕ್ಕೆ ಬಂದರೆ ಅಕ್ಷರಗುಂಡು. ಅಶೋಕ, ಮೌರ್ಯ ಎಂಬ ಮಾತೆಲ್ಲ ಇಲ್ಲಿಗೆ ಬರುವ ಮೊದಲು ಊರವರು ಇಟ್ಟ ಹೆಸರು ಅದು. ಈ ಸುತ್ತಿನಲ್ಲಿ ಸಿಕ್ಕಿದ ಮೂರು ಶಾಸನಗಳ ಬಂಡೆಗಳಿಗೂ ಮನೆಮಾತಿನ ಹೆಸರೇ. ಸಿದ್ದಾಪುರದ್ದು ಎಮ್ಮೆತಮ್ಮನ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು; ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರು. 1892ರಲ್ಲಿ ಬಿ. ಎಲ್. ರೈಸ್ ಮೂರನ್ನೂ ಕಂಡು ಜಗತ್ತಿಗೆ ತಿಳಿಸಿದರು. ಕನ್ನಡ ನಾಡಿನಲ್ಲಿ ಅಶೋಕನ ಶಾಸನ ಮೊದಲು ಸಿಕ್ಕಿದ್ದು ಇಲ್ಲೇ.

ಶಾಸನ ಹದಿಮೂರು ಸಾಲು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳಿಸಿದ ಅಪ್ಪಣೆ. ಇಸಿಲ ಎಂದರೆ ಇದೇ ಜಾಗ. ತಂದೆತಾಯಿಯ ಮಾತು ಕೇಳಬೇಕು, ಜೀವಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವಿಗೆ ಮರ್ಯಾದೆ ಕೊಡಬೇಕು ಎಂದು ಹೇಳಿ, ಇದು ‘ಪೋರಾಣಾ ಪಕಿತಿ’ ಎನ್ನುತ್ತದೆ. ಪುರಾಣ ಪ್ರಕೃತಿ; ಬಹುಕಾಲದಿಂದ ಬಂದ ನಡೆ. ಎಷ್ಟೋ ಸಲ ಓದಿದ ಮಾತು, ಇವತ್ತು ಕಣ್ಣು ಅಲ್ಲೇ ನಿಂತಿತು. ನಾನು ಹುಡುಕುತ್ತಿರುವುದು ಯಾವುದನ್ನು ಬಿಟ್ಟು ಹೋದದ್ದೋ, ಅದರ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಕಲ್ಲಿನ ಮೇಲೆ ಬಂದು ಕೂತಿದೆ.

ತಮಾಷೆ ಇರುವುದು ಇದೇ ಕಲ್ಲಿನ ಕೊನೆಯಲ್ಲಿ. ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಎಂದು. ಚಪಡನಿಂದ ಬರೆಯಲ್ಪಟ್ಟಿತು ಎಂಬಲ್ಲಿಯವರೆಗೆ ಎಲ್ಲರಿಗೂ ತಿಳಿಯುವ ಬ್ರಾಹ್ಮಿ, ಎಡದಿಂದ ಬಲಕ್ಕೆ. ‘ಲಿಪಿಕರೇಣ’, ಅಂದರೆ ಲಿಪಿಕಾರನಿಂದ, ಎಂಬ ಕೊನೆಯ ಐದಕ್ಷರ ಮಾತ್ರ ಖರೋಷ್ಠಿ, ಬಲದಿಂದ ಎಡಕ್ಕೆ! ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಅಶೋಕನ ಬಂಡೆಶಾಸನಗಳಲ್ಲಿ ಅದನ್ನು ಬಳಸಿರುವುದು ಈಗಿನ ಪಾಕಿಸ್ತಾನದಲ್ಲಿರುವ ಶಹಬಾಜ್‌ಗಢಿ, ಮಾನ್ಸೆಹ್ರಾಗಳಲ್ಲಿ. ಇಲ್ಲಿಂದ ನೆಟ್ಟಗೆ ಗೆರೆ ಎಳೆದರೂ ಎರಡು ಸಾವಿರ ಕಿಲೋಮೀಟರಿಗೆ ಹೆಚ್ಚು. ಈ ಗುಡ್ಡಗಾಡಿನಲ್ಲಿ ಆಗ ಅದನ್ನು ಓದಬಲ್ಲವನು ಬಹುಶಃ ಅದನ್ನು ಬರೆದವನೊಬ್ಬನೇ. ವಿಯೆನ್ನಾದಲ್ಲಿದ್ದ ವಿದ್ವಾಂಸ ಬ್ಯೂಲರ್ ಈ ಅಕ್ಷರಗಳನ್ನು ಖರೋಷ್ಠಿ ಎಂದು ಗುರುತಿಸಿದರು. ಆ ಲಿಪಿ ಗೊತ್ತಿಲ್ಲದಿದ್ದರೆ ಅವು ಕಲ್ಲಿನ ಮೇಲಿನ ಗೀರು.

ಹಿಂದೆ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದಾಗ ಒಬ್ಬ ಹುಡುಗ ಆ ಭಾಗ ನೋಡಿ, ‘ಸಾ, ಇವ್ನು ಕೊನೀಗೆ ಸುಸ್ತಾಗಿ ಏನೋ ಗೀಚ್ಯಾನೆ’ ಎಂದಿದ್ದ. ಇನ್ನೊಬ್ಬಳು, ‘ಇಲ್ಲ ಸಾ, ಸೈನು ಹಾಕ್ಯಾನೆ’ ಎಂದಳು. ನಾನು ಆ ಹುಡುಗಿಯ ಕಡೆ. ರಾಜನ ಮಾತು ರಾಜನದು, ಅದನ್ನು ಸಾಲು ತಪ್ಪದೆ ಬರೆದು ಮುಗಿಸಿದ. ತನ್ನ ಕಸುಬಿನ ಹೆಸರು ಬಂದಾಗ ಊರು ನೆನಪಾಯಿತು.

ಬರುವಾಗ ತಲೆಯಲ್ಲಿ ಇನ್ನೊಂದು ಪ್ರಕೃತಿ ಸುತ್ತುತ್ತಿತ್ತು. ಎರಡು ಸ್ವರ ಎದುರಾದರೆ ಸಂಧಿಯಾಗಬೇಕು, ಅದು ನಿಯಮ. ‘ಅಕ್ಕಾ, ಇಲ್ಲಿ ಬಾ’ ಎಂದು ಕೂಗುವಾಗ ಆಗುವುದಿಲ್ಲ. ನಿಯಮ ಸೋತ ಈ ಜಾಗಕ್ಕೆ ನಮ್ಮ ವ್ಯಾಕರಣಕಾರರು ದೋಷ, ಭಂಗ ಎಂದೇನಾದರೂ ಹೆಸರಿಡಬಹುದಿತ್ತು. ಇಟ್ಟದ್ದು ಪ್ರಕೃತಿಭಾವ: ಇದ್ದದ್ದು ಇದ್ದ ಹಾಗೆ ಉಳಿಯಿತು. ಮೂವತ್ತು ವರ್ಷ ಈ ಪಾಠ ಮಾಡಿದೆ, ಅದರ ಸೊಗಸು ಬೈಕಿನ ಹಿಂದೆ ಕೂತಾಗ ತಿಳಿಯಿತು.

ಆಗಸ್ಟ್ 2, ಬುಧವಾರ

ಅಶೋಕನ 14ನೇ ಬಂಡೆಶಾಸನ ತೆಗೆದು ನೋಡಿದೆ. ಕೆಲವು ಕಡೆ ಬರಹ ಅಪೂರ್ಣವಾಗಿದ್ದರೆ ಅದಕ್ಕೆ ಜಾಗ ಕಾರಣವಿರಬಹುದು, ಬೇರೆ ಏನೋ ಇರಬಹುದು, ಲಿಪಿಕಾರನ ಅಪರಾಧವೂ ಇರಬಹುದು ಎಂದು ರಾಜನೇ ಒಪ್ಪಿಕೊಂಡಿದ್ದಾನೆ. ಅಚ್ಚಿನ ತಪ್ಪಿಗೆ ಓದುಗರ ಕ್ಷಮೆ ಕೇಳುವ ಪರಿಪಾಠ ಎಷ್ಟು ಹಳೆಯದು! ಈ 14ನೆಯದರ ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ, ಕಾಳಿಕಾಂಬೆಯ ಗುಡಿಯಲ್ಲಿ ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ.

ಚಪಡನ ಐದಕ್ಷರ ಆ ಲೆಕ್ಕದ ಅಪರಾಧವಲ್ಲ. ಕೈತಪ್ಪಿ ಬರೆದವನು ಐದಕ್ಷರವನ್ನೂ ಸರಿಯಾಗಿ, ತಿರುಗಿಸಿದ ದಿಕ್ಕಿನಲ್ಲಿ, ತಪ್ಪು ಮಾಡುವುದಿಲ್ಲ.

ಮಸ್ಕಿಯ ವಿಷಯವೂ ನೆನಪಾಯಿತು. ಅಷ್ಟೂ ಶಾಸನಗಳಲ್ಲಿ ದೇವಾನಾಂಪಿಯ ಎಂದೇ ಇತ್ತು, ಹೆಸರಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯಲ್ಲಿ ಮಾತ್ರ ಅಶೋಕ ಎಂದಿತ್ತು. ಎಲ್ಲದರಂತೆ ಅದೂ ಇದ್ದಿದ್ದರೆ ವಿದ್ವಾಂಸರ ಅನುಮಾನ ಇನ್ನಷ್ಟು ಕಾಲ ಎಳೆಯುತ್ತಿತ್ತು. ಆಮೇಲೆ ಗುಜರ್ರಾ, ನಿಟ್ಟೂರು, ಉಡೆಗೋಳಗಳಲ್ಲೂ ಆ ಹೆಸರು ಸಿಕ್ಕಿತು, ಮಸ್ಕಿ ಒಂಟಿಯಾಗಿ ಉಳಿಯಲಿಲ್ಲ.

ಬ್ರಹ್ಮಗಿರಿಯ ಮಣ್ಣು ಅಗೆದಾಗ ಆದದ್ದೂ ಹೀಗೇ. 1940ರ ಸುಮಾರಿಗೆ ಮೈಸೂರಿನ ಎಂ. ಎಚ್. ಕೃಷ್ಣ ಇಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಕೆಳಗೆ ಕಲ್ಲುಕೊಡಲಿಯವರು, ಮಧ್ಯೆ ಬೃಹತ್ ಶಿಲಾಗೋರಿಯವರು, ಮೇಲೆ ಆಂಧ್ರ ಕಾಲದವರು ಎಂದು ಪದರ ಬಿಡಿಸಿದರು. ಆದರೆ ಪದರಗಳಿಗೆ ಕಾಲ ಹೇಳುವವರು ಯಾರು? ಮೇಲಿನ ಪದರದಲ್ಲಿ, ಬಟ್ಟಲಿನ ಒಳಮೈಗೆ ಸಣ್ಣ ಚುಕ್ಕೆಯ ಬಳೆಬಳೆ ಕೊರೆದ ಒಂದು ಜಾತಿಯ ಮಡಕೆ ಚೂರು ಸಿಕ್ಕಿತು. ಅದೇ ಜಾತಿಯದು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ರೋಮನ್ ಸಾಮಾನಿನ ಜೊತೆ ಸಿಕ್ಕಿತ್ತು. ಊರ ಕುಂಬಾರನದಲ್ಲದ ಆ ಚೂರಿನಿಂದ ಊರ ಮಡಕೆಗಳಿಗೆಲ್ಲ ವಯಸ್ಸು ಬಂತು.

ಆಗಸ್ಟ್ 9, ಬುಧವಾರ

ಮಗಳಿಗೆ ಸೀರೆ ನೋಡಲು ನೇಕಾರರ ಕೇರಿಗೆ ಹೋಗಿದ್ದೆವು. ಮೊಳಕಾಲ್ಮುರು ರೇಷ್ಮೆಗೆ 2011ರಲ್ಲಿ ಜಿಐ ಮಾನ್ಯತೆ ಬಂದಿದೆ, ಮಗ್ಗಗಳು ಮಾತ್ರ ಕಡಿಮೆಯಾಗುತ್ತಲೇ ಇವೆ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನೇಕಾರರು ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಒಡಲಿಗೆ ಒಂದು ಲಾಳಿ, ಅಂಚಿಗೆ ಬೇರೆ ಲಾಳಿ. ಹಸಿರು ಒಡಲು ಕೆಂಪು ಅಂಚನ್ನು ಹಿಡಿದುಕೊಳ್ಳುವ ಜಾಗದಲ್ಲಿ ಅವರ ಬೆರಳು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

ತಟ್ಟನೆ ಮಗ್ಗ ನಿಲ್ಲಿಸಿದರು. ನನಗೇನೂ ಕಾಣಲಿಲ್ಲ. ‘ಎಳೆ ತಪ್ಪೈತೆ’ ಎಂದು ಸೂಜಿಮೊನೆಯಿಂದ ಹಿಂದಿನ ನಾಲ್ಕು ಹೊಕ್ಕು ಬಿಚ್ಚಿದರು. ಆಮೇಲೆ ಹಾಸಿನಲ್ಲಿ ಒಂದೇ ಒಂದು ಎಳೆ ಎತ್ತಿ ಬೆರಳ ಮೇಲಿಟ್ಟು ತೋರಿಸಿದರು. ಬೆಳಕಿಗೆ ಹಿಡಿದ ಮೇಲೆ ನನಗೆ ಅದು ಎಳೆ ಎಂದು ಗೊತ್ತಾಯಿತು. ತಪ್ಪಿರುವುದು ಎಲ್ಲಿ ಎಂದು ಕೊನೆಗೂ ಗೊತ್ತಾಗಲಿಲ್ಲ.

ತಪ್ಪು. ಎಷ್ಟು ದಿನದಿಂದ ಸಂಸ್ಕೃತದ ಕೋಶಗಳನ್ನು ತಿರುವುತ್ತಿದ್ದೇನೆ, ಈ ಪದ ಕಾಲ ಬುಡದಲ್ಲೇ ಇತ್ತು. ದಾರಿ ತಪ್ಪಿತು, ತಾಳ ತಪ್ಪಿತು, ಹದ ತಪ್ಪಿತು, ಆಯ ತಪ್ಪಿತು, ಮಳೆ ತಪ್ಪಿತು. ಇಲ್ಲೆಲ್ಲ ಯಾರ ಮೇಲೂ ದೂರಿಲ್ಲ. ಇರಬೇಕಾದ ಕಡೆ ಇಲ್ಲ, ಅಷ್ಟೆ. ಕ್ರಿಯಾಪದವಾಗಿರುವವರೆಗೆ ಅದು ನಿಷ್ಪಾಪಿ. ನಾಮಪದವಾಗಿ ‘ಅದು ನಿನ್ನ ತಪ್ಪು’ ಎಂದ ಕೂಡಲೇ ಕೋಲು ಹಿಡಿದ ಮೇಷ್ಟ್ರಾಗುತ್ತದೆ.

ಇವಳು ಸೀರೆಯ ಮಡಿಕೆ ಬಿಚ್ಚಿ ಅಂಚು ಸವರುತ್ತ, ಇಲ್ಲಿ ಒಂದು ಕೂದಲಷ್ಟು ಏರುಪೇರಿದೆಯಲ್ಲ ಎಂದಳು. ನೇಕಾರರು ನಕ್ಕರು. ‘ಅದಿದ್ರೇನೇ ಕೈಮಗ್ಗದ್ದು ಕಣಮ್ಮ. ಪವರ್‌ಲೂಮಿನಾಗೆ ಹುಡುಕಿದ್ರೂ ಸಿಗಾಕಿಲ್ಲ.’ ಬಿಚ್ಚಿ ತೆಗೆಯಬೇಕಾದ ತಪ್ಪು ಯಾವುದು, ಬಿಟ್ಟು ಬೆಲೆ ಕಟ್ಟಬೇಕಾದ ಏರುಪೇರು ಯಾವುದು ಎಂಬುದು ಅವರ ಬೆರಳಿಗೆ ಗೊತ್ತು.

ಸೀರೆ ತಗೊಂಡೆವು. ಬೆಲೆ ಇಲ್ಲಿ ಬರೆಯುವುದಿಲ್ಲ.

ಆಗಸ್ಟ್ 13, ಭಾನುವಾರ

ಪೇಪರಿನಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’. ಕರೆಂಟು ಇದ್ದರಲ್ಲವೇ ವ್ಯತ್ಯಯವಾಗುವುದು? ಬೋರ್‌ವೆಲ್ ನಂಬಿದವರು ರಾತ್ರಿ ಎದ್ದು ಹೊಲಕ್ಕೆ ಹೋಗುತ್ತಿದ್ದಾರೆ.

ಆಗಸ್ಟ್ 20, ಭಾನುವಾರ

ಅಧಿಕ ಮುಗಿದು ನಿಜ ಶ್ರಾವಣ ಬಂದದ್ದೇ ತಡ, ಮದುವೆಗಳ ಸಾಲು. ಇವತ್ತು ಚಳ್ಳಕೆರೆಯಲ್ಲಿ ಒಂದಾಯಿತು. ಮುಯ್ಯಿ ಬರೆಸಲು ಐನೂರರ ನೋಟು ಕೊಟ್ಟೆ. ಬರೆಯುವ ಹುಡುಗ ಪೆನ್ನು ಎತ್ತಿ ಹಿಡಿದು ಕಾದ. ಇವಳು ಪರ್ಸಿನಿಂದ ಒಂದು ರೂಪಾಯಿ ಹುಡುಕಿ ಕೊಟ್ಟ ಮೇಲೆ 501 ಎಂದು ಬರೆದ.

ನಮ್ಮ ಮಾತಿನಲ್ಲಿ ಎರಡರಿಂದ ಭಾಗವಾಗುವುದು ಸರಿಸಂಖ್ಯೆ, ಆಗದ್ದು ಬೆಸ. ಸರಿ ಎಂದರೆ ಒಳ್ಳೆಯದು, ನ್ಯಾಯವಾದದ್ದು. ಹಾಗಿದ್ದೂ ಮಂಗಳಕಾರ್ಯಕ್ಕೆ ಸರಿ ಒಗ್ಗುವುದಿಲ್ಲ, ಬೆಸವೇ ಆಗಬೇಕು. ಇದೇ ‘ಸರಿ’ ಕ್ರಿಯಾಪದವಾದರೆ ಪಕ್ಕಕ್ಕೆ ಹೋಗು ಎಂದರ್ಥ. ಊಟದ ಪಂಕ್ತಿಯಲ್ಲಿ ಒಬ್ಬಾತ ‘ಸ್ವಲ್ಪ ಸರಿ’ ಎಂದ, ಇನ್ನೊಬ್ಬ ‘ಸರಿ’ ಎಂದು ಅಲ್ಲೇ ಕೂತ.

ಆಗಸ್ಟ್ 23, ಬುಧವಾರ

ಸಂಜೆ ಆರು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಕೇರಿಯವರೆಲ್ಲ ನಮ್ಮ ಟಿವಿಯ ಮುಂದೆ ಸೇರಿದ್ದರು. ಚಳ್ಳಕೆರೆಯವರಿಗೆ ಇದರಲ್ಲಿ ಒಂದು ಪಾಲು ಇದೆ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿನಂತೆ ಕುಳಿಗಳನ್ನು ತೋಡಿಸಿ, ಮೇಲೆ ವಿಮಾನ ಹಾರಿಸಿ, ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷಿಸಿದ್ದರು. ಎಲ್ಲಿ ಸಮತಟ್ಟು, ಎಲ್ಲಿ ಅಲ್ಲ ಎಂದು ಯಂತ್ರ ತಾನೇ ಕಂಡು ಪಕ್ಕಕ್ಕೆ ಸರಿಯುವುದನ್ನು ಕಲಿಯಬೇಕಲ್ಲ.

ಅಮೃತ್ ಮಹಲ್ ದನಗಳ ಹುಲ್ಲುಗಾವಲಾಗಿದ್ದ ನೆಲ ಅದು. ಕುರಿ ಕಾಯುವವರಿಗೆ ಈಗ ಅಲ್ಲಿ ಗೋಡೆ ಸಿಗುತ್ತದೆ. ಚಪ್ಪಾಳೆ ಹೊಡೆಯುವಾಗ ಅದೂ ನೆನಪಾಯಿತು, ಆದರೂ ಚಪ್ಪಾಳೆ ಹೊಡೆದೆ.

ಆಗಸ್ಟ್ 27, ಭಾನುವಾರ

ಪಕ್ಕದ ಮನೆಯ ಹಿರಿಯರು ಸಂಜೆ ಜಗುಲಿಗೆ ಬಂದರು. ಮ್ಯಾಸನಾಯಕರು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಅವರಲ್ಲಿ ಕುರಿ ತಿನ್ನುತ್ತಾರೆ, ಕೋಳಿ ಮುಟ್ಟುವುದಿಲ್ಲ. ಬೇಟೆಗೆ ಹೆಸರಾದ ಕುಲದಲ್ಲಿ ಇದೊಂದು ಕಟ್ಟು. ನನ್ನ ಪದದ ಹುಚ್ಚು ಹೇಳಿ, ನಿಮ್ಮ ಕೋಳಿಯದನ್ನು ಏನೆಂದು ಕರೆಯೋಣ ಎಂದು ಕೇಳಿದೆ.

ಎಲೆಯಡಿಕೆ ಅಗಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನೀವು ತಿಂತೀರಿ, ನಾವು ತಿನ್ನಲ್ಲ. ತೇಡಾ ಐತೆ. ಯಾರದು ತೇಡಾ ಅಂದ್ರೆ ನಾ ಏನ್ ಹೇಳ್ಲಿ ಮೇಷ್ಟ್ರೆ?’ ತೇಡಾ ತೆಲುಗಿನ ಮಾತು; ವ್ಯತ್ಯಾಸ ಎಂದರ್ಥ. ನನ್ನ ಪಟ್ಟಿಯ ಮೂವತ್ತು ಚಿಲ್ಲರೆ ಪದಗಳಿಗಿಂತ ಇದು ನನಗೆ ಇಷ್ಟವಾಯಿತು. ಗೆರೆ ಎಳೆದು ಅದರ ಒಂದು ಕಡೆ ನಿಂತು ನೋಡುವ ಪದವಲ್ಲ ಅದು.

ಆಮೇಲೆ ಮಾತು ದೇವರ ಎತ್ತುಗಳ ಕಡೆ ತಿರುಗಿತು. ಹಟ್ಟಿಯ ದೇವರಿಗೆ ಬಿಟ್ಟ ದನ. ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಕಿಲಾರಿಗಳು ಅವುಗಳ ಹಿಂದೆಯೇ ಬದುಕುತ್ತಾರೆ. ಎತ್ತು ಎಂದ ಮೇಲೆ ದುಡಿಯಬೇಕು ಎಂಬುದು ನಮ್ಮೆಲ್ಲರ ಲೆಕ್ಕ, ಈ ಹಿಂಡು ಆ ಲೆಕ್ಕಕ್ಕೆ ಸೇರಿಯೇ ಇಲ್ಲ. ‘ಈ ಸಲ ಕಾವಲಿನಾಗೆ ಹುಲ್ಲೇ ಹುಟ್ಟಿಲ್ಲ. ಮೇವು ಎಲ್ಲಿಂದ ತರಾದು’ ಎಂದು ಎದ್ದರು.

ಸೆಪ್ಟೆಂಬರ್ 1, ಶುಕ್ರವಾರ

ಹವಾಮಾನ ಇಲಾಖೆಯ ಲೆಕ್ಕ ಬಂದಿದೆ. ದೇಶದಲ್ಲಿ ಆಗಸ್ಟ್ ಮಳೆ ವಾಡಿಕೆಗಿಂತ ಶೇ 36 ಕಡಿಮೆ. 1901ರಿಂದ ದಾಖಲೆ ಇಟ್ಟಿರುವುದರಲ್ಲಿ ಇಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ನಮ್ಮ ಕಡೆ ಮಘೆ ಮಳೆ ಮುಗಿದು ಪುಬ್ಬೆ ಹುಟ್ಟಿದೆ. ಶೇಂಗಾ ಹೂ ಬಿಟ್ಟು ನೆಲಕ್ಕಿಳಿದು ಕಾಯಿ ಕಟ್ಟಬೇಕಾದ ಹೊತ್ತು. ನೆಲ ಗಟ್ಟಿಯಾಗಿದೆ, ಇಳಿಯುವುದೆಲ್ಲಿಗೆ?

ವಾಡಿಕೆ ಮಳೆ. ಈ ಪದವನ್ನು ಇಷ್ಟು ವರ್ಷ ರೇಡಿಯೋದಲ್ಲಿ ಕೇಳಿ ಕೇಳಿ ಕಿವಿ ಮರಗಟ್ಟಿತ್ತು. ಯಾರು ಮಾಡಿದರೋ, ಜಾಣರು. ಸಹಜ ಮಳೆ ಎಂದಿದ್ದರೆ ಬಾರದಿದ್ದದ್ದು ಅಸಹಜವಾಗುತ್ತಿತ್ತು. ವಾಡಿಕೆ ಎಂದರೆ ರೂಢಿ ಬಿದ್ದದ್ದು, ನಡೆದುಕೊಂಡು ಬಂದದ್ದು. ಚಪಡ ಕೆತ್ತಿದ ಪೋರಾಣಾ ಪಕಿತಿಯ ಸಣ್ಣ ತಂಗಿ. ಇಲಾಖೆಯವರು 1971ರಿಂದ 2020ರವರೆಗಿನ ಐವತ್ತು ವರ್ಷದ ಸರಾಸರಿಯನ್ನು ವಾಡಿಕೆ ಎಂದು ಹಿಡಿದಿದ್ದಾರೆ. ಅದಕ್ಕಿಂತ ಶೇ 19ರಷ್ಟು ಆಚೀಚೆಯಾದರೂ ವಾಡಿಕೆಯೇ. ಇಪ್ಪತ್ತು ಕಡಿಮೆಯಾದರೆ ಕೊರತೆ, ಅರವತ್ತು ಕಡಿಮೆಯಾದರೆ ಭಾರಿ ಕೊರತೆ. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ಗೆರೆ ಎಳೆದವರು ಮನುಷ್ಯರು. ಶೇಂಗಾ ಗಿಡಕ್ಕೆ ಆ ಗೆರೆ ಗೊತ್ತಿಲ್ಲ. ಐವತ್ತು ವರ್ಷದೊಳಗೆ ನಮ್ಮ ಬರಗಾಲಗಳೂ ಸೇರಿವೆ. ಬಾರದ ಮಳೆಯೂ ವಾಡಿಕೆಯ ಲೆಕ್ಕದೊಳಗಿದೆ.

ಸೆಪ್ಟೆಂಬರ್ 5, ಮಂಗಳವಾರ

ಶಿಕ್ಷಕರ ದಿನವೆಂದು ಹಳೆಯ ಹುಡುಗರು ಫೋನು ಮಾಡಿದರು. ಸಂಜೆ ಅಣ್ಣನ ಮಗಳಿಗೆ ನಾನೇ ಮಾಡಿದೆ. ಒಂದು ಪದ ಆಗಲಿಲ್ಲ ಎಂದು ಒಪ್ಪಿಕೊಂಡೆ. ನಿಯಮವನ್ನು ಬಿಟ್ಟು ಉಳಿದದ್ದಕ್ಕೆ ‘ಹೊರತು’ ಬರೆ, ಅಪವಾದ ಬೇಡ. ಸಮುದ್ರದ ನೀರಿಗಾದರೆ ‘ವಾಡಿಕೆ ತಪ್ಪಿದ ಪ್ರಮಾಣ’ ಎಂದು ಬರೆ. ಅಸಂಗತ ನಾಟಕದವರಿಗೆ ಇರಲಿ.

‘ಮೂರು ಪದ ಹಿಡಿಸಲ್ಲ ಚಿಕ್ಕಪ್ಪಾ, ನಕ್ಷೆಯ ಪಕ್ಕದಲ್ಲಿ ಜಾಗ ಇಷ್ಟೇ ಇರೋದು’ ಎಂದಳು. ಜಾಗದ ಕೊರತೆಯಿಂದ ಬರಹ ಅಪೂರ್ಣವಾಗುತ್ತದೆ ಎಂದು ಅಶೋಕನೇ ಹೇಳಿದ್ದಾನೆ ಅಂದೆ. ನಕ್ಕಳು. ಕೊನೆಗೆ ಅವಳೇ ‘ವಾಡಿಕೆ ವ್ಯತ್ಯಾಸ’ ಎಂದು ಮಾಡಿದಳು. ನನ್ನದಕ್ಕಿಂತ ಚೆನ್ನಾಗಿದೆ. ಪಕ್ಕದ ಮನೆಯವರ ತೇಡಾ ಕೂಡ ಅದರೊಳಗೆ ಬಂತು. ಅವರಿಗೆ ಹೇಳಬೇಕು.

ಸೆಪ್ಟೆಂಬರ್ 14, ಗುರುವಾರ

ಸರ್ಕಾರ ನಿನ್ನೆ ಬರ ಘೋಷಿಸಿದೆ. ಒಟ್ಟು 195 ತಾಲ್ಲೂಕು. ಅದರಲ್ಲಿ 161 ‘ತೀವ್ರ ಬರಪೀಡಿತ’, 34 ‘ಸಾಧಾರಣ ಬರಪೀಡಿತ’. ಸಾಧಾರಣ ಬರ ಎಂಬುದನ್ನು ಎರಡು ಸಲ ಓದಿದೆ. ಸಂಧಿ, ಸಮಾಸ ಎಲ್ಲ ಸರಿಯಾಗಿಯೇ ಇದೆ.

ಪಕ್ಕದ ಮನೆಯ ಹಿರಿಯರು ಪೇಪರು ಕೇಳಿ ತಗೊಂಡು, ಪಟ್ಟಿಯ ಮೇಲೆ ಬೆರಳಾಡಿಸಿ, ರಾಜ್ಯದಲ್ಲಿ ಒಟ್ಟು ಎಷ್ಟು ತಾಲ್ಲೂಕು ಎಂದು ಕೇಳಿದರು. 236 ಎಂದೆ. ಬೆರಳಲ್ಲೇ ಕಳೆದು, ‘ಅಂಗಾರೆ ಹೊರತಾಗಿರವು ನಲವತ್ತೊಂದು’ ಎಂದರು.